ಇವತ್ತು ಸಮುದ್ರ ಕೆಟ್ಟಿದೆ

ಯಾತ್ಮಾ ದಿನಾ ಬೆಳಿಗ್ಗೆ ಮೀನುಗಾರರ ಊರಾದ ಗೋರ್‌ಗಾಲ್‌ನ ಸಮುದ್ರದ ಬಗ್ಗೆ ಫೋನಿನಲ್ಲಿ ಎರಡು ಸಲ ಮಾತಾಡಿ ಕಳಿಸುತ್ತಿದ್ದ. ಒಮ್ಮೆ ಊರಿನವರ ಗುಂಪಿಗೆ, ಇನ್ನೊಮ್ಮೆ ಹೊರಗಿನವರ ಗುಂಪಿಗೆ. ಊರಿನವರಿಗೆ ಹೇಳುತ್ತಿದ್ದದ್ದು ನಿಜ. ಹೊರಗಿನವರಿಗೆ ಏನು ಹೇಳಬೇಕೆನ್ನುವುದು ಆ ದಿನದ ಅಲೆ ಎಷ್ಟು ಚೆನ್ನಾಗಿದೆ ಎನ್ನುವುದರ ಮೇಲೆ ನಿಂತಿತ್ತು.

ಬೆಳಗಿನ ನಮಾಜು ಮುಗಿಸಿ, ಗಂಟಲು ಸುಡುವ ಘಾಟು ಕಾಫಿ ಕುಡಿದು, ಅವನು ಮಾಮ್ ಖೇರ್ ಹತ್ತುತ್ತಿದ್ದ. ಮಾಮ್ ಖೇರ್ ಎಂದರೆ ಅಜ್ಜಿ ಬಂಡೆ. ಕಡಲಿಗೆ ಚಾಚಿಕೊಂಡ ಆ ಕರೀ ಬಂಡೆಯ ಬುಡಕ್ಕೆ ನಮ್ಮ ಹೆಂಗಸರು ವರ್ಷಕ್ಕೊಮ್ಮೆ ಮೊಸರು ಸುರಿಯುತ್ತಾರೆ, ಅಜ್ಜಿ ತಣ್ಣಗಿರಲಿ ಎಂದು. ಅಲ್ಲಿ ನಿಂತರೆ ಮುರಿದ ಹಲ್ಲಿನ ಸಾಲಿನಂತೆ ತೀರದುದ್ದಕ್ಕೂ ಬಂಡೆಗಳು ಕಾಣುತ್ತವೆ. ಅವುಗಳಾಚೆ, ನೀರಿನಡಿ ಮುಳುಗಿದ ಬಂಡೆಯ ಮೇಲೆ ಅಲೆ ಏಳುವ ಜಾಗವೂ ಕಾಣುತ್ತದೆ. ಸಮುದ್ರದ ಉಬ್ಬು ವಾಯವ್ಯದಿಂದ ಓರೆಯಾಗಿ ಬರಬೇಕು, ನೆಲದ ಕಡೆಯಿಂದ ಗಾಳಿ ಬೀಸಬೇಕು, ನೀರು ಅರ್ಧ ಏರಿರಬೇಕು. ಮೂರೂ ಕೂಡಿಬಂದರೆ ಅಲ್ಲಿ ಏಳುವ ಅಲೆಯನ್ನು ನೋಡಿದವರು ಅನ್ನ ಮರೆಯುತ್ತಾರೆ. ಅದು ಒಂದು ತುದಿಯಿಂದ ಬಿಚ್ಚಿಕೊಳ್ಳುತ್ತಾ, ಹಲಗೆಯ ಮೇಲೆ ನಿಂತವನನ್ನು ಒಡಲಲ್ಲಿಟ್ಟುಕೊಂಡು ದಡದ ತನಕ ಕರೆತರುತ್ತದೆ. ಅಂಥ ದಿನ ಇಡೀ ಚಳಿಗಾಲದಲ್ಲಿ ಬೆರಳೆಣಿಕೆಯಷ್ಟು. ಮಿಕ್ಕ ದಿನ ಏನೋ ಒಂದು ಕೊರತೆ ಇದ್ದೇ ಇರುತ್ತದೆ.

ಕೊರತೆಯ ದಿನಗಳಲ್ಲಿ ಯಾತ್ಮಾ ಹೊರಗಿನವರನ್ನು ಬಾಯ್ತುಂಬ ಕರೆಯುತ್ತಿದ್ದ. ಬನ್ನಿ, ಅಲೆ ಪರವಾಗಿಲ್ಲ, ನನ್ನ ಗುಡಿಸಲಲ್ಲಿ ಅಲೆ ಏರುವ ಹಲಗೆ ಬಾಡಿಗೆಗೆ ಸಿಗುತ್ತದೆ ಎನ್ನುತ್ತಿದ್ದ. ಒಳ್ಳೆಯ ದಿನ ಬಂತೋ, ಫೋನಿಗೆ ಬಾಯಿಟ್ಟು ಒಂದೇ ಮಾತು: “ಇವತ್ತು ಸಮುದ್ರ ಕೆಟ್ಟಿದೆ. ಯಾರೂ ಬರಬೇಡಿ.” ನಗರದ ಸರ್ಫರ್‌ಗಳು, ಹೋಟೆಲಿನ ಅತಿಥಿಗಳು, ಫ್ರಾನ್ಸಿನಿಂದ ಬಂದು ತಿಂಗಳುಗಟ್ಟಲೆ ಬಿದ್ದುಕೊಳ್ಳುವವರು ಎಲ್ಲರೂ ಅದನ್ನು ಕೇಳಿ ಮತ್ತೆ ಹೊದ್ದು ಮಲಗುತ್ತಿದ್ದರು. ಊರಿನ ಹುಡುಗರು ಅಷ್ಟು ಹೊತ್ತಿಗೆ ನೀರಲ್ಲಿರುತ್ತಿದ್ದರು.

ಮೋಸ ಎನ್ನುವವರು ಎನ್ನಲಿ. ಒಡೆದ ದೋಣಿಯ ಹಲಗೆಯ ಮೇಲೆ ಹೊಟ್ಟೆ ತರಚಿಕೊಂಡು ಆ ಅಲೆ ಕಲಿತದ್ದು ಈ ಊರಿನ ಮಕ್ಕಳು. ಆ ಬಂಡೆಗೆ ಅಂಟಿಕೊಂಡಿರುವ ಮುಳ್ಳುಂಡೆ ಎಂಬ ಕಡಲಜೀವಿಯ ಮುಳ್ಳುಗಳನ್ನು ಪಾದದಿಂದ ಸೂಜಿಯಲ್ಲಿ ಕಿತ್ತದ್ದು ಅವರ ತಾಯಂದಿರು. ಆಮೇಲೆ ಕಾರಿನಲ್ಲಿ ಬಂದವರು, “ಸ್ವಲ್ಪ ಆ ಕಡೆ ಸರೀರಿ” ಎಂದು ಇವರಿಗೇ ಹೇಳತೊಡಗಿದಾಗ, ಊರು ಸುಳ್ಳು ಹೇಳಲು ಕಲಿಯಿತು. ಇದೇನು ಯಾರೋ ಕೂತು ಮಾಡಿದ ಕಾನೂನಲ್ಲ. ಸುಮ್ಮನೆ ರೂಢಿಗೆ ಬಂತು. ಊರಿನವನಿಗೆ ನಿಜ, ಹೊರಗಿನವನಿಗೆ ಬರಬೇಡ. ಬಾಯಿ ಬಿಟ್ಟವನನ್ನು ಯಾರೂ ಮಾತಾಡಿಸುತ್ತಿರಲಿಲ್ಲ.

ಯಾತ್ಮಾನ ತಮ್ಮ ಲಿಬಾಸ್‌ಗೆ ಈ ರೂಢಿ ಬೆನ್ನ ಮೇಲಿನ ಮಚ್ಚೆಯಷ್ಟೇ ತನ್ನದಾಗಿತ್ತು. ಐದು ವರ್ಷ ಚಿಕ್ಕವನು. ಅಣ್ಣ ತಮ್ಮ ಇಬ್ಬರೂ ಒಂದೇ ಹಲಗೆಯ ಮೇಲೆ ಅಲೆ ಕಲಿತವರು. ಶಾಲೆ ತಪ್ಪಿಸಿ ಕಡಲಿಗೆ ಹೋಗಿ ಬಂದಾಗ ಅವರವ್ವ ದಾಬಾ ಬಾಗಿಲಲ್ಲೇ ನಿಲ್ಲಿಸಿ, ಸಮುದ್ರಕ್ಕೆ ಹೋಗಿದ್ದಿರಾ ಎಂದು ಕೇಳುತ್ತಿದ್ದಳು. ಮೈಮೇಲೆ ಉಪ್ಪು ಬೆಳ್ಳಗೆ ಒಣಗಿರುವಾಗಲೇ ಯಾತ್ಮಾ ಅವಳ ಕಣ್ಣಲ್ಲಿ ಕಣ್ಣಿಟ್ಟು ಇಲ್ಲವ್ವ ಎನ್ನುತ್ತಿದ್ದ. ಲಿಬಾಸ್ ಅವ್ವನ ಬೆನ್ನ ಹಿಂದೆ ನಿಂತು, ತನ್ನ ಬಲಗಿವಿ ಜಗ್ಗಿ ಹಲ್ಲು ಕಿರಿಯುತ್ತಿದ್ದ. ನೀನು ಹೇಳಿದ್ದು ಸುಳ್ಳು, ನನಗೆ ಗೊತ್ತು ಎಂದು ಅದರ ಅರ್ಥ. ಕಿವಿ ಜಗ್ಗುವವನೊಬ್ಬ ಇದ್ದಾನೆಂಬ ಧೈರ್ಯದಲ್ಲೇ ಯಾತ್ಮಾ ಅಷ್ಟು ನುಣುಪಾಗಿ ಸುಳ್ಳು ಹೇಳುತ್ತಿದ್ದನೋ ಏನೋ.

ಅಂಥವರ ನಡುವೆ ಹೋದ ವರ್ಷ ಮಾತು ನಿಂತಿತು. ಮೂಲೆಯ ಗುಡ್ಡದಾಚೆ ಹೊಸ ಹೋಟೆಲು ಎದ್ದಿತ್ತು, ಲಿಬಾಸ್ ಹೆಂಡತಿಯೊಡನೆ ಅತ್ತ ಮನೆ ಮಾಡಿ, ಅಲ್ಲಿ ಅತಿಥಿಗಳನ್ನು ಅಲೆಗೆ ಕರೆದೊಯ್ಯುವ ಕೆಲಸ ಹಿಡಿದ. ಹಿಡಿಯಲಿ, ಮದುವೆಯಾದವನು, ಸಂಬಳ ಬೇಕು. ಆದರೆ ಮೊದಲ ಚಳಿಗಾಲದ ಒಂದು ಅತ್ಯುತ್ತಮ ಬೆಳಿಗ್ಗೆ, ಅಣ್ಣ ಊರಿನ ಗುಂಪಿನಲ್ಲಿ ಹೇಳಿದ ನಿಜವನ್ನು ಕೇಳಿ, ಹೋಟೆಲಿನ ದೋಣಿ ತುಂಬ ಜನರನ್ನು ತಂದು ಅಲೆಯ ನೆತ್ತಿಯ ಮೇಲೆ ಇಳಿಸಿಬಿಟ್ಟ. ಮಾಲೀಕ ಒತ್ತಾಯ ಮಾಡಿದ್ದ ಎಂದು ಆಮೇಲೆ ಹೇಳಿದ. ಅವತ್ತು ಊರಿನ ಹುಡುಗರು ಹಲಗೆ ಬಗಲಲ್ಲಿಟ್ಟುಕೊಂಡು ಬಂಡೆಯ ಮೇಲೆ ಕೂತು ಪರದೇಶಿಗಳ ಮೋಜು ನೋಡಬೇಕಾಯಿತು.

ಯಾತ್ಮಾ ಎಲ್ಲರೆದುರು ತಮ್ಮನನ್ನು ಹಿಡಿದು ನಿಲ್ಲಿಸಿದ. ಅಜ್ಜಿಯ ಮಡಿಲಲ್ಲಿ ಅಂಗಡಿ ಇಟ್ಟವನೇ, ನಿನಗೂ ಆ ದೋಣಿಯವರಿಗೂ ಏನು ವ್ಯತ್ಯಾಸ ಎಂದು ಕೇಳಿದ. ಲಿಬಾಸ್ ತಲೆ ತಗ್ಗಿಸಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅವನು ತಗ್ಗಿಸಲಿಲ್ಲ.

“ನೀನು ಅವ್ರಿಗೆ ಹಲಗೆ ಬಾಡಿಗೆ ಕೊಡ್ತೀಯ, ನಾನು ದೋಣೀಲಿ ಕರ್ಕೊಂಡು ಬರ್ತೀನಿ. ನಮ್ಮಿಬ್ರಿಗೂ ಏನಣ್ಣ ವ್ಯತ್ಯಾಸ?”

ಹುಡುಗರಲ್ಲಿ ಯಾರೋ ಕಿಸಕ್ಕೆಂದರು. ಆ ನಗು ಯಾತ್ಮಾನ ಮೈಯಲ್ಲಿ ಮುಳ್ಳುಂಡೆಯ ಮುಳ್ಳಿನಂತೆ ಮುರಿದುಕೊಂಡು ಕೂತಿತು. ಅವತ್ತೇ ಸಂಜೆ ತಮ್ಮನ ಹೆಸರನ್ನು ಊರಿನ ಗುಂಪಿನಿಂದ ಒಂದು ಬೆರಳಲ್ಲಿ ತೆಗೆದು ಹಾಕಿದ. ಇನ್ನು ಮೇಲೆ ಅವನೂ ಹೊರಗಿನವನೇ ಎಂದ. ಲಿಬಾಸ್ ಹೋಟೆಲಿನವರಲ್ಲಿ ಒಬ್ಬನಾಗಿ ಹೊರಗಿನವರ ಗುಂಪಿಗೆ ಸೇರಿಕೊಂಡ. ಅಲ್ಲಿಂದಾಚೆಗೆ ಅಣ್ಣನ ಬಾಯಿಂದ ಅವನಿಗೆ ಸಿಗುತ್ತಿದ್ದದ್ದು ಹೊರಗಿನವರಿಗೆ ಸಿಗುವ ಮಾತು ಮಾತ್ರ.

ಆದರೆ ಲಿಬಾಸ್ ಪೆದ್ದನೇ? ಅಣ್ಣ ಯಾವಾಗ ಬರಬೇಡಿ ಎನ್ನುತ್ತಾನೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ಆ ಮಾತು ಬಂದ ಬೆಳಿಗ್ಗೆಯೇ ಅವನು ತನ್ನ ಹಳದಿ ಹಲಗೆ ಎತ್ತಿಕೊಂಡು ಗುಡ್ಡ ಬಳಸಿ ಬರುತ್ತಿದ್ದ, ಒಬ್ಬನೇ. ಅತಿಥಿಗಳಿಗೆ ಒಂದು ಮಾತೂ ಹೇಳುತ್ತಿರಲಿಲ್ಲ. ಮೊದಲ ತಪ್ಪಿನ ನಂತರ ಅವನು ಒಂದೇ ಒಂದು ಸಲವೂ ಒಳ್ಳೆಯ ದಿನದಲ್ಲಿ ಹೋಟೆಲಿನವರನ್ನು ತರಲಿಲ್ಲ. ಊರಿನ ಸುಳ್ಳನ್ನು ಊರು ತನ್ನನ್ನು ಹೊರಗಿಟ್ಟ ಮೇಲೂ ಕಾಪಾಡಿದ. ನೀರಲ್ಲಿ ಅಣ್ಣನಿಗೆ ನಾಲ್ಕು ಹಲಗೆಯಾಚೆ ಕೂತು, ಅಣ್ಣ ಈ ಕಡೆ ನೋಡಿದ ತಕ್ಷಣ ಬಲಗಿವಿ ಹಿಡಿದು ಜಗ್ಗುತ್ತಿದ್ದ.

ಅದರಲ್ಲಿ ಎಷ್ಟು ಸಲುಗೆ ಇತ್ತೆಂದು ಕುರುಡನಿಗೂ ಕಾಣುತ್ತಿತ್ತು. ಯಾತ್ಮಾ ಮಾತ್ರ ಅದನ್ನು ಕೊಬ್ಬು ಎಂದುಕೊಂಡ. ಮುಖ ತಿರುಗಿಸಿ ಬೇರೆ ಅಲೆ ಹಿಡಿಯುತ್ತಿದ್ದ.

ಅವ್ವ ದಾಬಾ ದಿನಾ ಊಟದ ಹೊತ್ತಿಗೆ ಅದೇ ರಾಗ ತೆಗೆಯುತ್ತಿದ್ದಳು. ದೊಡ್ಡ ತಟ್ಟೆಯ ಮೀನನ್ನದ ಸುತ್ತ ಎಲ್ಲರೂ ಕೂತಿರುವಾಗ, ಒಳ್ಳೆಯ ತುಂಡನ್ನು ಮುರಿದು ಯಾತ್ಮಾನ ಮುಂದೆ ತಳ್ಳಿ, ತಮ್ಮನನ್ನು ಗ್ರೂಪಿಗೆ ಸೇರಿಸಿಕೊಂಡೆಯಾ ಎನ್ನುವಳು. ಗ್ರೂಪು ಎಂದರೆ ಏನೆಂದು ಅವಳಿಗೆ ತಿಳಿಯದು. ಮಕ್ಕಳು ಅದರೊಳಗೆ ಕೂಡಿ ಕೂರುತ್ತಾರೆ, ಒಬ್ಬನನ್ನು ಎಬ್ಬಿಸಿ ಕಳಿಸಿದ್ದಾರೆ ಎನ್ನುವಷ್ಟು ತಿಳಿದಿತ್ತು. ಯಾತ್ಮಾ ಮೀನಿನ ಮುಳ್ಳು ಬಿಡಿಸುತ್ತಾ, ಅವನೇ ಬಂದು ಕೇಳಲಿ ಎನ್ನುತ್ತಿದ್ದ. ಒಳಗೊಳಗೆ ಅವನಿಗೂ ಸಾಕಾಗಿತ್ತು. ತಮ್ಮ ಒಂದೇ ಒಂದು ಸಲ ಗುಡಿಸಲಿಗೆ ಬಂದು, ಹೋಗಲಿ ಬಿಡಣ್ಣ ಎಂದರೆ ಸಾಕು, ಅಷ್ಟರಲ್ಲೇ ಸೇರಿಸಿಕೊಳ್ಳುತ್ತಿದ್ದ. ಕಾಯುತ್ತಿದ್ದ ಕೂಡ. ಹಿರಿಯನಾದವನು ಕಾಯುವುದರಲ್ಲಿ ಏನೋ ದೊಡ್ಡತನ ಇದೆ ಎಂದುಕೊಂಡಿದ್ದ ದಡ್ಡ.

ಆ ಬೆಳಿಗ್ಗೆ ಯಾತ್ಮಾ ಬಂಡೆ ಹತ್ತಿದಾಗ ಎಲ್ಲವೂ ಅಂದವಾಗಿತ್ತು. ನೆಲದ ಕಡೆಯಿಂದ ಒಣಗಾಳಿ ಬೀಸುತ್ತಿತ್ತು, ಆಕಾಶ ತಿಳಿಯಾಗಿತ್ತು, ನೀರು ಎಣ್ಣೆ ಸವರಿದಂತೆ ನುಣ್ಣಗಿತ್ತು. ಗೊತ್ತಿಲ್ಲದವನು ನೋಡಿದರೆ ಇವತ್ತೇ ಆ ದಿನ ಎನ್ನಬೇಕು. ಆದರೆ ಹುಣ್ಣಿಮೆಯ ಮರುದಿನ, ಇಳಿತ ವಿಪರೀತವಾಗಿತ್ತು. ಮಾಮ್ ಖೇರ್‌ನ ಬುಡ, ಯಾತ್ಮಾ ಅಪರೂಪಕ್ಕೆ ಕಂಡ ಜಾಗ, ಬತ್ತಲೆಯಾಗಿ ನಿಂತಿತ್ತು. ಮುಳ್ಳುಂಡೆಗಳು ಗಾಳಿಗೆ ಬಂದು ಕರ್ರಗೆ ಹೊಳೆಯುತ್ತಿದ್ದವು.

ಅವನು ಕುಕ್ಕರುಗಾಲಲ್ಲಿ ಕೂತು ಕಾದ. ಸಮುದ್ರ ಸುಮ್ಮನಿತ್ತು. ಎಷ್ಟು ಹೊತ್ತು ಸುಮ್ಮನಿತ್ತೆಂದರೆ, ಬೇರೆ ಯಾರಾದರೂ ಆಗಿದ್ದರೆ ಎದ್ದು ಹೋಗುತ್ತಿದ್ದರು. ದೂರದ ಬಿರುಗಾಳಿಯಿಂದ ಹೊರಟ ಉಬ್ಬಿಗೆ ಅದೇ ಗುಣ: ಬಹಳ ಹೊತ್ತು ಉಸಿರು ಕಟ್ಟಿ ಕೂತು, ಆಮೇಲೆ ಹಿಂಡುಹಿಂಡಾಗಿ ಬರುತ್ತದೆ. ಬಂತು. ವಾಯವ್ಯದಿಂದ ಅಲ್ಲ, ನೇರ ಪಶ್ಚಿಮದಿಂದ. ಅಲೆ ತುದಿಯಿಂದ ಬಿಚ್ಚಿಕೊಳ್ಳಲಿಲ್ಲ. ಇಡೀ ಉದ್ದಕ್ಕೂ ಗೋಡೆ ಕಟ್ಟಿಕೊಂಡು, ಒಂದೇ ಏಟಿಗೆ, ನೀರಿಲ್ಲದ ಬರೀ ಬಂಡೆಯ ಮೇಲೆ ಕುಸಿಯಿತು. ಅವನು ಕೂತಿದ್ದ ಬಂಡೆ ಅದುರಿತು.

ಊರಿನ ಗುಂಪಿಗೆ ತಡಮಾಡದೆ ಹೇಳಿದ. “ಯಾರೂ ಇಳೀಬೇಡ್ರೋ. ಪಶ್ಚಿಮದಿಂದ ನೇರ ಬರ್ತಿದೆ, ಬಂಡೆ ಪೂರ್ತಿ ಮೇಲೆ ಬಂದಿದೆ. ನೀರು ಸುಮ್ಮನಿದೆ ಅಂತ ನಂಬಬೇಡಿ. ಹಲಗೆ ಒಳಗಿಡಿ, ಎಲ್ಲಾ ಕೆಳಗೆ ಬನ್ನಿ, ದೋಣಿ ಮೇಲೆಳೀಬೇಕು.”

ಆಮೇಲೆ ಹೊರಗಿನವರ ಗುಂಪು. ಬೆರಳು ಒತ್ತಿದ, ಬಾಯಿ ತೆರೆದ. ಬಾಯಿಗೆ ರೂಢಿಯಾದ ಮಾತೇ ಬಂತು. “ಇವತ್ತು ಸಮುದ್ರ ಕೆಟ್ಟಿದೆ. ಯಾರೂ ಬರಬೇಡಿ.” ಅದೇ ಧ್ವನಿ, ಅದೇ ರಾಗ, ಒಳ್ಳೆಯ ದಿನಗಳಲ್ಲಿ ಹೇಳಿ ಹೇಳಿ ಸವೆದ ಮಾತು. ಈ ಸಲ ನಿಜವಾಗಿತ್ತು ಅಷ್ಟೇ.

ಫೋನು ಜೇಬಿಗಿಡುವಾಗ ತಮ್ಮನ ನೆನಪು ಬಂತು. ಬರದೆ ಇರಲಿಲ್ಲ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಬರಬೇಡಿ ಎಂದಾಗಲೆಲ್ಲ ಹಳದಿ ಹಲಗೆ ಎತ್ತಿಕೊಂಡು ಬರುವವನಲ್ಲವೇ ಎಂದು ಹೊಳೆಯಿತು. ಹೆಸರು ತೆರೆದು, ಹೆಬ್ಬೆರಳನ್ನು ಅದರ ಮೇಲಿಟ್ಟ. ಅಷ್ಟರಲ್ಲಿ ಬಂಡೆಯ ಮೇಲೆ ಕೇಳಿದ್ದ ಆ ನಗು ನೆನಪಾಯಿತು. ವರ್ಷದಿಂದ ಮಾತಾಡದವನು ನಾನಾಗಿ ಫೋನು ಮಾಡಿದರೆ, ಕೊನೆಗೂ ಅಣ್ಣನೇ ಬಾಗಿದ ಎಂದು ಹೋಟೆಲಿನಲ್ಲೆಲ್ಲ ಹೇಳಿಕೊಂಡು ತಿರುಗುತ್ತಾನೆ. ಅವನೇನು ಎಳೆ ಮಗುವೇ? ಬಂದರೂ ಸಮುದ್ರ ನೋಡಿಯೇ ಇಳಿಯುತ್ತಾನೆ, ನನ್ನಷ್ಟೇ ಬಲ್ಲ. ಹೀಗೆಲ್ಲ ತನಗೆ ತಾನೇ ಸಮಾಧಾನ ಹೇಳಿಕೊಂಡ. ಕೆಳಗಿನಿಂದ ಸೋದರಮಾವ ಬಿರಾಮ್, ಏನಪ್ಪಾ ದೊರೆ, ದೋಣಿ ನಾವೇ ಎಳೀಬೇಕಾ ಎಂದು ಕೂಗಿದ. ಯಾತ್ಮಾ ಹೆಬ್ಬೆರಳು ತೆಗೆದ, ಇಳಿದು ಹೋದ.

ದೋಣಿ ಎಳೆಯುವ ಗದ್ದಲದಲ್ಲಿ ಯಾರಿಗೂ ಯಾರ ಮೇಲೂ ಕಣ್ಣಿರಲಿಲ್ಲ. ಊರಿನ ಹುಡುಗರೆಲ್ಲ ಹಗ್ಗಕ್ಕೆ ಹೆಗಲು ಕೊಟ್ಟಿದ್ದರು. ಮಾವ ಬಿರಾಮ್ ಬೈದಾಡುತ್ತಾ, ದೋಣಿಯಡಿ ಉರುಳು ಮರ ಕೊಡುತ್ತಾ ಓಡಾಡುತ್ತಿದ್ದ. ಕೊನೆಯ ದೋಣಿ ಮರಳಿನ ಮೇಲೆ ಏರಿದ ನಂತರ, ನೀರು ಇನ್ನೆಷ್ಟು ಇಳಿಯುತ್ತದೋ ನೋಡೋಣ ಎಂದು ಯಾತ್ಮಾ ಮತ್ತೆ ಬಂಡೆ ಹತ್ತಿದ.

ಅಲೆ ಏಳುವ ಜಾಗದಲ್ಲಿ ಒಂದು ಹಳದಿ ಚುಕ್ಕೆ.

ಆ ಹಲಗೆಯ ಮೂತಿ ಒಡೆದಾಗ ತೇಪೆ ಹಾಕಿದ್ದು ಯಾತ್ಮಾನೇ, ಮಾತು ಬಿಡುವುದಕ್ಕೆ ಮುಂಚೆ. ಲಿಬಾಸ್ ಅದರ ಮೇಲೆ ಕಾಲು ಇಳಿಬಿಟ್ಟು ಕೂತಿದ್ದ. ಸುತ್ತ ಸಮುದ್ರ ಮತ್ತೆ ಉಸಿರು ಕಟ್ಟಿ ಕೂತಿತ್ತು, ನುಣ್ಣಗೆ. ಗುಡ್ಡ ಬಳಸಿ ಅವಸರದಲ್ಲಿ ಬಂದವನಿಗೆ ಕಂಡದ್ದು ಅಷ್ಟೇ. ಗಾಳಿ ಸರಿ, ನೀರು ನುಣುಪು, ಊರಿನವರು ಇನ್ನೂ ಬಂದಿಲ್ಲ, ಇವತ್ತು ಎಲ್ಲರಿಗಿಂತ ಮೊದಲು ನಾನೇ. ಅಣ್ಣ ಬರಬೇಡಿ ಎಂದ ಮೇಲೆ ಇನ್ನು ನೋಡುವುದೇನಿದೆ?

ಲಿಬಾಸ್ ತಲೆಯೆತ್ತಿ ಬಂಡೆಯ ಕಡೆ ನೋಡಿದ. ಅಣ್ಣನನ್ನು ಕಂಡ. ಬಲಗೈ ಎತ್ತಿ, ಕಿವಿ ಹಿಡಿದು, ಇಡೀ ಕಡಲಿಗೇ ಕಾಣುವಂತೆ ಜಗ್ಗಿದ.

ಯಾತ್ಮಾನಿಗೆ ಆಗ ಎಲ್ಲವೂ ಒಮ್ಮೆಲೇ ಅರ್ಥವಾಯಿತು. ಎರಡೂ ಕೈ ಮೇಲೆತ್ತಿ ಬೀಸಿದ. ವಾಪಸ್ ಬಾ, ವಾಪಸ್ ಬಾರೋ ಎಂದು ಗಂಟಲು ಹರಿಯುವಂತೆ ಕೂಗಿದ. ಗಾಳಿ ನೆಲದ ಕಡೆಯಿಂದಲೇ ಬೀಸುತ್ತಿತ್ತು, ಕೂಗು ತಲುಪಿರಲೂಬಹುದು. ಆದರೆ ವರ್ಷದಿಂದ ಮುಖ ಊದಿಸಿಕೊಂಡ ಅಣ್ಣ ಬಂಡೆಯ ಮೇಲೆ ನಿಂತು ಕೈ ಬೀಸಿ ಕೂಗಿದರೆ ತಮ್ಮ ಏನೆಂದುಕೊಳ್ಳಬೇಕು? ತನಗಿಂತ ಮುಂಚೆ ಇಳಿದನೆಂದು ಅಣ್ಣನ ಹೊಟ್ಟೆ ಉರಿಯುತ್ತಿದೆ ಎಂದುಕೊಂಡ. ನಕ್ಕ. ಅವನೂ ಎರಡು ಕೈ ಎತ್ತಿ, ಅಣ್ಣನನ್ನು ಅಣಕಿಸುತ್ತಾ ಹಾಗೆಯೇ ಬೀಸಿದ.

ಅವನ ಬೆನ್ನ ಹಿಂದೆ ದಿಗಂತ ಕಪ್ಪಾಯಿತು.

ಮೊದಲನೆಯದನ್ನು ಅವನು ಹತ್ತಿ ದಾಟಿದ. ಆಗಲೇ ಅವನಿಗೆ ತಿಳಿದಿರಬೇಕು, ಯಾಕೆಂದರೆ ಹಲಗೆ ತಿರುಗಿಸಿ ಹೊರಗಡಲಿಗೆ ಹುಚ್ಚನಂತೆ ಕೈ ಹೊಡೆಯತೊಡಗಿದ. ಸರಿಯಾದ ಕೆಲಸವನ್ನೇ ಮಾಡಿದ, ಯಾತ್ಮಾ ಕೂಡ ಅದನ್ನೇ ಮಾಡುತ್ತಿದ್ದ. ಎರಡನೆಯದು ಅವನಿಗಿಂತ ಮುಂದೆಯೇ ಗೋಡೆಯಾಗಿ ನಿಂತು ಮುರಿಯಿತು. ಹಳದಿ ಹಲಗೆ ಒಮ್ಮೆ ಗಾಳಿಗೆ ಎಗರಿ ಬಿತ್ತು. ಆಮೇಲೆ ಬಂದ ಅಲೆಗಳನ್ನು ಯಾತ್ಮಾ ನೋಡಲಿಲ್ಲ. ಬಂಡೆಯಿಂದ ಬಿದ್ದು ಎದ್ದು ಕೆಳಗೆ ಓಡಿ ನೀರಿಗೆ ಹಾರಿದ್ದ. ನೀರು ಅವನನ್ನು ಎತ್ತಿ ಬಂಡೆಗೆ ಒಗೆಯಿತು. ಮತ್ತೆ ಹಾರಿದ. ಮೂರನೆಯ ಸಲ ಹೋಗಲು ಹುಡುಗರು ಬಿಡಲಿಲ್ಲ, ಕೆಡವಿ ಮೇಲೆ ಕೂತರು. ಅವರನ್ನು ಕಚ್ಚಿದ, ಒದ್ದ, ಅವರವ್ವನನ್ನು ಬೈದ.

ನೀರು ಏರಿದ ಮೇಲೆ ಮೀನುಗಾರರು ಲಿಬಾಸ್‌ನನ್ನು ತಂದರು. ಹಲಗೆಗೂ ಪಾದಕ್ಕೂ ಕಟ್ಟುವ ಹಗ್ಗ ಬಂಡೆಯ ಸಂದಿಗೆ ಸಿಕ್ಕಿಹಾಕಿಕೊಂಡು ಅವನನ್ನು ಮೇಲೇಳಲು ಬಿಟ್ಟಿರಲಿಲ್ಲ. ಮಧ್ಯಾಹ್ನದ ನಮಾಜಿನ ನಂತರ ಮಣ್ಣು ಮಾಡಿದರು.

ಸಂಜೆ ಹೋಟೆಲಿನ ಮ್ಯಾನೇಜರನೂ ಇಬ್ಬರು ಪೊಲೀಸರೂ ಬಂದರು. ಅಂಗಳದಲ್ಲಿ ಚಾಪೆಯ ಮೇಲೆ ಕೂತ ಗಂಡಸರ ನಡುವೆ ಅವರಿಗೆ ಕುರ್ಚಿ ಹಾಕಿದರು. ಸಮುದ್ರ ಹೀಗಿದೆ ಎಂದು ಆ ಬೆಳಿಗ್ಗೆ ಯಾರಾದರೂ ಎಚ್ಚರಿಕೆ ಕೊಟ್ಟಿದ್ದರೇ ಎನ್ನುವುದು ಅವರ ಪ್ರಶ್ನೆ. ಯಾತ್ಮಾ ಬಾಯಿ ತೆರೆಯುವ ಮೊದಲೇ ಮಾವ ಬಿರಾಮ್ ಅವನ ಜೇಬಿಗೆ ಕೈ ಹಾಕಿ ಫೋನು ತೆಗೆದು, ಅಲ್ಲೇ ಕೂತಿದ್ದ ಮಗೆತ್ ಎಂಬ ಊರಿನ ಸರ್ಫರ್‌ನ ಕೈಗೆ ಕೊಟ್ಟು, ಹೊರಗಿನವರ ಗ್ರೂಪಿನದ್ದು ಹಾಕು ಎಂದ.

“ಇವತ್ತು ಸಮುದ್ರ ಕೆಟ್ಟಿದೆ. ಯಾರೂ ಬರಬೇಡಿ.”

ಮ್ಯಾನೇಜರ್ ಉಸಿರು ಬಿಟ್ಟು, ಇಷ್ಟು ಸ್ಪಷ್ಟವಾಗಿ ಹೇಳಿದ್ದಾರೆ, ಪಾಪ ಅವನೇ ಕೇಳಲಿಲ್ಲ ಎಂದ. ಪೊಲೀಸರು ತಲೆಯಾಡಿಸಿದರು. ಊರಿನ ಹುಡುಗರು ಒಬ್ಬರೂ ತಲೆ ಎತ್ತಲಿಲ್ಲ, ಎಲ್ಲರೂ ಚಾಪೆಯ ಹೆಣಿಗೆ ನೋಡುತ್ತಿದ್ದರು. ಮಗೆತ್‌ಗೆ ತಡೆಯಲಾಗಲಿಲ್ಲ.

“ಆದ್ರೆ ಲಿಬಾಸ್‌ಗೆ...” ಎಂದು ಶುರು ಮಾಡಿದ.

“ಮಗೆತ್,” ಎಂದ ಬಿರಾಮ್, ಮೆಲ್ಲಗೆ. “ಒಲೆ ಮೇಲೆ ಚಹಾ ಇದೆ, ಉಕ್ಕತ್ತೆ. ಹೋಗಿ ನೋಡು.”

ಮಗೆತ್ ಎದ್ದು ಹೋದ. ಬಂದವರು ಚಹಾ ಕುಡಿದು, ಸಂತಾಪ ಹೇಳಿ ಹೊರಟರು. ಅಲೆಯ ಗುಟ್ಟು ಉಳಿಯಿತು. ಊರಿಗೆ ಏನು ಬೇಕಿತ್ತೋ ಅದು ಉಳಿಯಿತು.

ದಾಬಾಳಿಗೆ ಆ ಮಾತು ದೇವರೇ ಕಳಿಸಿದಂತಾಯಿತು. ಒಬ್ಬ ಮಗ ಹೋದ. ಉಳಿದವನು ತಮ್ಮನನ್ನು ಕಡೆಗಣಿಸಿರಲಿಲ್ಲ, ಜಗಳವಿದ್ದರೂ ಬರಬೇಡ ಎಂದಿದ್ದ, ಅಣ್ಣನ ಕರ್ತವ್ಯ ಮಾಡಿದ್ದ. ಅವಳಿಗೆ ಹಿಡಿದುಕೊಳ್ಳಲು ಇದ್ದದ್ದು ಅದೊಂದೇ. ದುಃಖ ಹೇಳಲು ಬಂದವರಿಗೆಲ್ಲ ಅದನ್ನು ಹೇಳಿದಳು. ಹೇಳಿದರೆ ಸಾಲದೆಂದು, ಯಾತ್ಮಾ, ಅದನ್ನು ಹಾಕಪ್ಪಾ, ಇವರಿಗೂ ಕೇಳಿಸು ಎನ್ನುತ್ತಿದ್ದಳು. ಯಾತ್ಮಾ ಹಾಕುತ್ತಿದ್ದ. ನಗರದಿಂದ ಬಂದ ಚಿಕ್ಕಮ್ಮನಿಗೆ ಹಾಕಿದ, ಮಸೀದಿಯ ಹಿರಿಯರಿಗೆ ಹಾಕಿದ, ಮೀನು ಮಾರುವ ಹೆಂಗಸರಿಗೆ ಹಾಕಿದ. ಹಾಕಿದಾಗಲೆಲ್ಲ ಅವನದೇ ಗಂಟಲು ಅವನ ಅಂಗೈಯಲ್ಲಿ ಮಾತಾಡುತ್ತಿತ್ತು. ಅವ್ವನಿಗೆ ನಿಜ ಹೇಳಿಬಿಡೋಣ ಎಂದು ಎಷ್ಟೋ ಸಲ ಬಾಯಿಯವರೆಗೆ ಬಂತು. ಹೇಳುವುದು ಏನೆಂದು? ನಾನು ನಿಜ ಹೇಳಿದ್ದಕ್ಕೆ ಅವನು ಸತ್ತ ಎಂದೇ?

ಎಂಟನೆಯ ದಿನದ ಕುರಾನ್ ಪಠಣ ಮುಗಿದು, ಜನ ಕರಗಿದ ಮೇಲೆ, ಲಿಬಾಸ್‌ನ ಹೆಂಡತಿ ಸುಕೇನಾ ಯಾತ್ಮಾನಿಗೆ ಹೇಳಿ ಕಳಿಸಿದಳು. ಅವಳು ಅತ್ತೆಯ ಮನೆಯ ಒಳಕೋಣೆಯಲ್ಲಿ ಬಿಳಿ ಬಟ್ಟೆಯುಟ್ಟು ಸೂತಕದಲ್ಲಿ ಕೂತಿದ್ದಳು. ಇಷ್ಟು ದಿನ ಅವಳ ಬಾಯಿಂದ ಒಂದು ಮಾತು ಹೊರಟಿರಲಿಲ್ಲ. ಯಾತ್ಮಾ ಹೊಸ್ತಿಲಾಚೆ ಗೋಡೆಗೆ ಒರಗಿ ನಿಂತ. ಅವಳೆದುರು ಕೂರುವ ಮುಖ ಅವನಿಗಿರಲಿಲ್ಲ.

“ಭಾವ,” ಎಂದಳು, “ಅವತ್ತು ಬೆಳಿಗ್ಗೆ ನಿಮ್ಮ ಮಾತನ್ನ ಅವರು ನನ್ನ ಪಕ್ಕದಲ್ಲೇ ಕೂತು ಕೇಳಿದ್ರು. ಕೇಳಿ ನಕ್ಕರು. ಎರಡನೇ ಸಲ ಹಾಕಿ ನಂಗೂ ಕೇಳಿಸಿದ್ರು. ನೋಡೇ, ನಮ್ಮಣ್ಣ ಕರೀತಿದ್ದಾನೆ ಅಂದ್ರು.”

ಯಾತ್ಮಾ ಫೋನಿದ್ದ ಜೇಬನ್ನು ಅಂಗೈಯಲ್ಲಿ ಒತ್ತಿ ಹಿಡಿದ.

“ಬ್ರೆಡ್ಡು ಅರ್ಧ ತಿಂದು ತಟ್ಟೇಲೇ ಬಿಟ್ರು. ಇವತ್ತು ಹೇಗೂ ಅವನನ್ನ ಮಾತಾಡಿಸಿಬಿಡ್ತೀನಿ, ನೀರಲ್ಲೇ ತಪ್ಪಾಯ್ತು ಅಂದುಬಿಡ್ತೀನಿ, ಅವ್ವನ ಕೊರಗು ನೋಡೋಕಾಗಲ್ಲ ಅಂದ್ರು. ಅದಕ್ಕೇ ಅಷ್ಟು ಅವಸರ, ಭಾವ. ಅಲೆಗಲ್ಲ.”

ಅವಳು ಅಳುತ್ತಿರಲಿಲ್ಲ. ಅತ್ತಿದ್ದರೆ ಅವನಿಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

“ನಾನು ನಿಮ್ಮ ಮೇಲೆ ಹೊರಿಸ್ತಿಲ್ಲ. ಒಂದೇ ಹೇಳಿ. ಆ ದಿನ ನಿಜ ಹೇಳಿದ್ರಿ. ಅದು ನಿಜ ಅಂತ ಅವರಿಗೆ ಗೊತ್ತಾಗಬೇಕಿತ್ತು ಹೇಗೆ?”

ಹೇಗೆ ಎಂದು ಯಾತ್ಮಾನಿಗೆ ಗೊತ್ತಿತ್ತು. ಹೆಸರಿನ ಮೇಲಿಟ್ಟ ಹೆಬ್ಬೆರಳನ್ನು ಒತ್ತಿದ್ದರೆ ಸಾಕಿತ್ತು. ಲಿಬಾಸ್, ನಿಜವಾಗಿಯೂ ಕೆಟ್ಟಿದೆ ಕಣೋ, ಎಂದಿದ್ದರೆ ಸಾಕಿತ್ತು. ಅದನ್ನು ಈಗ ಬಾಯಿ ಬಿಟ್ಟು ಹೇಳಬೇಕೆಂದು ಮುಂದೆ ಬಂದ. ಹೊಸ್ತಿಲ ಮೇಲೆ ಕೈಯಿಟ್ಟ.

ಅಂಗಳದಲ್ಲಿ ಚಪ್ಪಲಿಗಳ ಸದ್ದಾಯಿತು. ದೂರದ ಯಾವುದೋ ಕಡಲೂರಿನಿಂದ ದಾಬಾಳ ದೊಡ್ಡಪ್ಪನ ಮಕ್ಕಳು ಈಗಷ್ಟೇ ಬಸ್ಸಿಳಿದು ಬಂದಿದ್ದರು. ಅಳು ಮತ್ತೆ ಮೊದಲಿನಿಂದ ಶುರುವಾಯಿತು. ಅದರ ನಡುವೆ ದಾಬಾ, ಇಲ್ಲ ಇಲ್ಲ, ನನ್ನ ದೊಡ್ಡ ಮಗ ಹೇಳಿದ್ದ, ಬಾಯಿ ಬಿಟ್ಟು ಹೇಳಿದ್ದ ಎಂದು ಅವರಿಗೆ ತಿಳಿಸುವುದು ಕೇಳಿತು.

“ಯಾತ್ಮಾ, ಎಲ್ಲಿದ್ದೀಯಪ್ಪ? ಬಾ ಇಲ್ಲಿ. ಅದನ್ನ ಹಾಕು, ಇವರೂ ಕೇಳ್ಲಿ.”

ಅವನು ಸುಕೇನಾಳ ಕಡೆ ನೋಡಿದ. ಅವಳು ಅವನನ್ನೇ ನೋಡುತ್ತಿದ್ದಳು, ಉತ್ತರಕ್ಕೆ ಕಾಯುತ್ತಾ. ಹೊರಗೆ ಅವ್ವ ಮತ್ತೊಮ್ಮೆ ಕರೆದಳು. ಯಾತ್ಮಾ ಹೊಸ್ತಿಲ ಮೇಲಿನ ಕೈ ತೆಗೆದು ಅಂಗಳಕ್ಕೆ ಹೋದ, ನೆಂಟರ ನಡುವೆ ಕೂತ, ಜೇಬಿನಿಂದ ಫೋನು ತೆಗೆದು ಒತ್ತಿದ.

“ಇವತ್ತು ಸಮುದ್ರ ಕೆಟ್ಟಿದೆ. ಯಾರೂ ಬರಬೇಡಿ.”

ನೆಂಟರು ಕಣ್ಣೊರೆಸಿಕೊಂಡು ತಲೆಯಾಡಿಸಿದರು. ಅಣ್ಣ ಹೇಳಿದ್ದನಂತೆ ಪಾಪ, ಎಂದರು. ದಾಬಾ ಮಗನ ತಲೆಯನ್ನು ತನ್ನ ಭುಜಕ್ಕೆ ಒತ್ತಿಕೊಂಡು, ಇನ್ನೊಂದು ಸಲ ಹಾಕು ಎಂದಳು.